ಕಲ್ಯಾಣವನ್ನು ನಕ್ಷೆಗೆ ತಂದವರ ಮೇಲೊಂದು ತಕರಾರು

ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸೊಲ್ಲಾಪುರ, ಉಮರ್ಗಾ ದಾಟಿದ ಮೇಲೆ ಸಸ್ತಾಪುರ ಬಂಗ್ಲಾ ಅಂತ ಒಂದು ಕ್ರಾಸ್ ಬರುತ್ತದೆ. ರಾತ್ರಿ ಬಸ್ಸಿನವರಿಗೆ ಅದು ನಿದ್ದೆಯಲ್ಲೇ ಕಳೆದುಹೋಗುವ ಜಾಗ. ಅಲ್ಲಿಂದ ಒಳಕ್ಕೆ ತಿರುಗಿದರೆ ನಮ್ಮೂರು, ಬಸವಕಲ್ಯಾಣ. ನಾನು ಪುಣೆಗೆ ಬಂದು ಇಪ್ಪತ್ತು ವರ್ಷವಾಯಿತು. ಆಫೀಸಿನಲ್ಲಿ ಊರು ಯಾವುದೆಂದು ಕೇಳಿದವರಿಗೆ ಮೊದಮೊದಲು ಬಸವಕಲ್ಯಾಣ ಅನ್ನುತ್ತಿದ್ದೆ. ಆಮೇಲೆ ಬೀದರ್ ಅನ್ನತೊಡಗಿದೆ. ಈಗೀಗ "ಹೈದರಾಬಾದ್ ಹತ್ತಿರ" ಎಂದು ಮುಗಿಸಿಬಿಡುತ್ತೇನೆ.

2014ರ ಒಂದು ರಾತ್ರಿ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಕಂಪ್ಯೂಟರ್ ಆಟವೊಂದರ ನಕ್ಷೆಯಲ್ಲಿ ಬೆರಳು ಸರಿಸುತ್ತಾ ದಖ್ಖನ್ನಿಗೆ ಬಂದೆ. ಅಲ್ಲಿ "ಕಲ್ಯಾಣಿ" ಎಂದು ಬರೆದಿತ್ತು. ವರ್ಷ 1066. ಅರಸನ ಹೆಸರು ಸೋಮೇಶ್ವರ, ಅವನ ಮಕ್ಕಳಲ್ಲಿ ಒಬ್ಬ ವಿಕ್ರಮಾದಿತ್ಯ. ನೀರು ಕುಡಿಯಲು ಎದ್ದ ಹೆಂಡತಿ "ಏನ್ರೀ ಇಷ್ಟೊತ್ನಾಗ?" ಅಂದಳು. "ನಮ್ಮೂರ ಬಂದದ ನೋಡು" ಅಂದೆ. "ಎಲ್ಲಿ?" ಅಂದಳು. "ಸ್ವೀಡನ್ನಾಗ" ಅಂದೆ. ಅವಳು ನೀರು ಕುಡಿದು ಹೋಗಿ ಮಲಗಿದಳು.

ಇದನ್ನು ಮೊದಲೇ ಹೇಳುತ್ತಿರುವುದು ಏಕೆಂದರೆ, ಮುಂದೆ ನಾನು ಮಾಡಲಿರುವುದು ಜಗಳ. ಜಗಳಕ್ಕೆ ನಿಲ್ಲುವವನು ತನ್ನ ಸಂಬಂಧ ಏನೆಂದು ಒಪ್ಪಿಕೊಂಡು ನಿಲ್ಲಬೇಕು. ಪ್ಯಾರಡಾಕ್ಸ್ ಇಂಟರ್‌ಆ್ಯಕ್ಟಿವ್ ಎಂಬ ಸ್ಟಾಕ್‌ಹೋಮಿನ ಗೇಮ್ ಪ್ರಕಾಶಕರ ಹನ್ನೆರಡು ವರ್ಷದ ಗಿರಾಕಿ ನಾನು. ಈ ಹೊತ್ತು ಎಷ್ಟು ಡಿಎಲ್‌ಸಿ ಕೊಂಡಿದ್ದೇನೆಂದು ಲೆಕ್ಕ ಹಾಕಿದರೆ ಮನೆಯಲ್ಲಿ ಇನ್ನೊಂದು ಜಗಳವಾಗುತ್ತದೆ, ಅದು ಬೇಡ.

ಕಂಪನಿಯ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಇದು ಎಲೆಕ್ಟ್ರಾನಿಕ್ ಆರ್ಟ್ಸ್, ಯೂಬಿಸಾಫ್ಟ್‌ನಂಥ ದೈತ್ಯನಲ್ಲ. ಇಬ್ಬರು ಗೆಳೆಯರು ಗ್ಯಾರೇಜಿನಲ್ಲಿ ಕೂತು ಮಾಡುವ ಅಂಗಡಿಯೂ ಅಲ್ಲ. ನಡುವಿನದು. ಇದರ ಬೇರು ಟಾರ್ಗೆಟ್ ಗೇಮ್ಸ್ ಎಂಬ ಸ್ವೀಡಿಷ್ ಕಂಪನಿಯಲ್ಲಿದೆ, ಅದು ಮೇಜಿನ ಮೇಲೆ ಆಡುವ ಆಟಗಳನ್ನು ಮಾಡುತ್ತಿತ್ತು. 1993ರಲ್ಲಿ ಫಿಲಿಪ್ ತಿಬೋ ಎಂಬ ಫ್ರೆಂಚ್ ವಿನ್ಯಾಸಕ ಮಾಡಿದ್ದ ಭಾರೀ ಗಾತ್ರದ ಬೋರ್ಡ್ ಗೇಮ್ ಒಂದನ್ನು ಇವರು 2000ದಲ್ಲಿ ಕಂಪ್ಯೂಟರಿಗೆ ಇಳಿಸಿದರು: ಯುರೋಪಾ ಯೂನಿವರ್ಸಾಲಿಸ್. ಅಲ್ಲಿಂದ ಹಾರ್ಟ್ಸ್ ಆಫ್ ಐರನ್, ವಿಕ್ಟೋರಿಯಾ, ಕ್ರುಸೇಡರ್ ಕಿಂಗ್ಸ್ ಒಂದರ ಹಿಂದೊಂದು ಬಂದವು. ಎಲ್ಲವೂ ನಕ್ಷೆ, ಅಂಕಿ, ಪಟ್ಟಿಗಳ ಆಟಗಳು. ಬಂದೂಕು ಹಿಡಿದು ಓಡುವ ಆಟವಾಡುವ ಹುಡುಗ ಇವನ್ನು ನೋಡಿದರೆ "ಅಂಕಲ್, ಇದು ಎಕ್ಸೆಲ್ ಶೀಟ್" ಅನ್ನುತ್ತಾನೆ. ಅನ್ನಲಿ. ಎಕ್ಸೆಲ್ ಶೀಟಿನಿಂದಲೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಅದು ಬೈಗುಳವಲ್ಲ.

ಕ್ರುಸೇಡರ್ ಕಿಂಗ್ಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದರಲ್ಲಿ ನೀವು ಆಡುವುದು ದೇಶವನ್ನಲ್ಲ, ಒಬ್ಬ ಮನುಷ್ಯನನ್ನು. ಅವನಿಗೆ ಸಿಟ್ಟು, ಆಸೆ, ಪುಕ್ಕಲುತನ, ರೋಗ ಎಲ್ಲ ಇರುತ್ತವೆ. ಮದುವೆಯಾಗುತ್ತಾನೆ, ಮಕ್ಕಳಾಗುತ್ತವೆ, ಒಂದು ದಿನ ಸಾಯುತ್ತಾನೆ. ಸತ್ತ ಮೇಲೆ ನೀವು ಅವನ ವಾರಸುದಾರನಾಗಿ ಮುಂದುವರಿಯುತ್ತೀರಿ. ಅರವತ್ತು ವರ್ಷ ಕಷ್ಟಪಟ್ಟು ಕಟ್ಟಿದ ರಾಜ್ಯ ಒಂದೇ ಸಾವಿನಲ್ಲಿ ಮೂರು ಪಾಲಾಗಿ ಮೂರು ಮಕ್ಕಳಿಗೆ ಹಂಚಿಹೋಗುತ್ತದೆ, ಆ ಮೂವರೂ ಹೊಡೆದಾಡುತ್ತಾರೆ. ಯುದ್ಧ ಗೆಲ್ಲುವುದು ಇಲ್ಲಿ ಸುಲಭದ ಕೆಲಸ. ಕಷ್ಟದ್ದು ಆಸ್ತಿ ಹಂಚಿಕೆ. ಹೊಲದ ಪಾಲಿಗಾಗಿ ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಟ್ಟಿದ್ದನ್ನು ನೋಡಿ ಬೆಳೆದವರಿಗೆ ಈ ಆಟವನ್ನು ಯಾರೂ ಕಲಿಸಬೇಕಿಲ್ಲ.

ಈಗ ಇದನ್ನು ಕಲ್ಯಾಣದ ಮೇಲಿಟ್ಟು ನೋಡಿ. ಆಟ ಶುರುವಾಗುವ 1066ರಲ್ಲಿ ಒಂದನೇ ಸೋಮೇಶ್ವರನಿಗೆ ಇನ್ನು ಎರಡೇ ವರ್ಷ ಆಯುಷ್ಯ. 1068ರಲ್ಲಿ ಅವನು ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಮಗ ಎರಡನೇ ಸೋಮೇಶ್ವರ ಪಟ್ಟಕ್ಕೆ ಬಂದ. ತಂದೆ ಪಟ್ಟ ಕೊಡಲು ಬಯಸಿದ್ದು ವಿಕ್ರಮಾದಿತ್ಯನಿಗೇ, ಅವನೇ ಅಣ್ಣನ ಮೇಲಿನ ಗೌರವದಿಂದ ಬೇಡವೆಂದ ಎಂದು ಬಿಲ್ಹಣ ಬರೆಯುತ್ತಾನೆ. ಬಿಲ್ಹಣ ವಿಕ್ರಮಾದಿತ್ಯನ ಆಸ್ಥಾನ ಕವಿ ಎಂಬುದು ನೆನಪಿರಲಿ. ಆ ಗೌರವ 1076ರವರೆಗೆ ಬಾಳಿತು. ಆ ವರ್ಷ ತಮ್ಮ ಅಣ್ಣನನ್ನು ಇಳಿಸಿ ತಾನೇ ಕೂತ, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಶುರುಮಾಡಿದ. ಅದೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ "ಮಿತಾಕ್ಷರ" ಬರೆದದ್ದು. ಹಿಂದೂ ಕುಟುಂಬದ ಆಸ್ತಿ ಯಾರಿಗೆ ಎಷ್ಟು ಪಾಲು ಎಂಬುದನ್ನು ಭಾರತದ ಬಹುಭಾಗದಲ್ಲಿ ಶತಮಾನಗಳ ಕಾಲ ತೀರ್ಮಾನಿಸಿದ ಗ್ರಂಥ ಅದು. ಇಪ್ಪತ್ತನೇ ಶತಮಾನದ ಕೋರ್ಟುಗಳೂ ಅದನ್ನು ಬಿಟ್ಟಿಲ್ಲ. ವಾರಸುದಾರಿಕೆಯ ಆಟವೊಂದಕ್ಕೆ ಕಲ್ಯಾಣಕ್ಕಿಂತ ಒಳ್ಳೆಯ ಊರು ಸಿಕ್ಕೀತೆ? ಆಟ ಮಾಡಿದವರು ಇದನ್ನೆಲ್ಲ ಯೋಚಿಸಿ ಇಟ್ಟಿದ್ದಾರೆಂದು ನಾನು ಹೇಳುತ್ತಿಲ್ಲ. ಯುರೋಪಿನ ಕಾನೂನಿಗಾಗಿ ಹೊಲಿದ ಅಂಗಿಯನ್ನೇ ಚಾಲುಕ್ಯರಿಗೂ ತೊಡಿಸಿದ್ದರು. ಜಾತಿಯನ್ನು ಪಾತ್ರಗಳಿಗೆ ಅಂಟಿಸಿದ ಒಂದು ಗುರುತಿನ ಹಾಗೆ ಮಾಡಿದ್ದರು, ಬಸವಣ್ಣನ ಊರಿನವನಿಗೆ ಅದನ್ನು ನೋಡಿ ನಗು ಬರದೆ ಇರದು. ಆದರೂ ಊರು ನಕ್ಷೆಯ ಮೇಲಿತ್ತು. 867ಕ್ಕೆ ಹೋದರೆ ಮಾನ್ಯಖೇಟವಿತ್ತು, ರಾಷ್ಟ್ರಕೂಟರಿದ್ದರು. ನಮ್ಮ ಶಾಲೆಯ ಪುಸ್ತಕದಲ್ಲಿ ಒಂದೂವರೆ ಪುಟದಲ್ಲಿ ಮುಗಿದುಹೋದವರ ಜೊತೆ ನಾನು ಆ ವರ್ಷ ಇನ್ನೂರು ಗಂಟೆ ಕಳೆದೆ.

ಆ ನಕ್ಷೆ ಬಂದದ್ದು "ರಾಜಾಸ್ ಆಫ್ ಇಂಡಿಯಾ" ಎಂಬ ಡಿಎಲ್‌ಸಿಯ ಜೊತೆ. ಇಲ್ಲಿ ನಾನು ಸಾಮಾನ್ಯ ಗೇಮರುಗಳ ಗುಂಪಿನಿಂದ ಹೊರಗೆ ನಿಲ್ಲುತ್ತೇನೆ. ಪ್ಯಾರಡಾಕ್ಸ್ ಎಂದೊಡನೆ ಜನ ಬೈಯುವುದು ಡಿಎಲ್‌ಸಿಗಳಿಗೆ. ಆಟವನ್ನು ತುಂಡು ತುಂಡು ಮಾಡಿ ಮಾರುತ್ತಾರೆ, ಎಲ್ಲ ಸೇರಿಸಿ ಕೊಂಡರೆ ಮೂಲ ಆಟದ ಹಲವು ಪಟ್ಟು ಆಗುತ್ತದೆ, ಇದು ಲೂಟಿ ಅಂತ. ಹಣದ ಲೆಕ್ಕ ಸುಳ್ಳಲ್ಲ. ಆದರೆ ಸಿಟ್ಟು ತಪ್ಪು ಕಡೆ ತಿರುಗಿದೆ.

ಯೋಚಿಸಿ, ಹನ್ನೊಂದನೇ ಶತಮಾನದ ದಖ್ಖನ್ನಿನ ಸಾಮಂತರ ಹೆಸರು, ಅವರ ಹೆಂಡತಿ ಮಕ್ಕಳ ಹೆಸರು ಹುಡುಕಿ ಟೈಪ್ ಮಾಡುವ ಕೆಲಸಕ್ಕೆ ಯಾವ ದೊಡ್ಡ ಕಂಪನಿ ಸಂಬಳ ಕೊಡುತ್ತದೆ? ಎಷ್ಟು ಜನ ಅದನ್ನು ಆಡುತ್ತಾರೆ? ಮೂಲ ಆಟ 2012ರ ಫೆಬ್ರುವರಿಯಲ್ಲಿ ಬಂದಾಗ ನಕ್ಷೆ ನಮ್ಮವರೆಗೆ ಬಂದೇ ಇರಲಿಲ್ಲ. ಎರಡು ವರ್ಷ ಆಟ ಮಾರಿ, ಸಣ್ಣ ಸಣ್ಣ ವಿಸ್ತರಣೆ ಮಾರಿ, ಆ ದುಡ್ಡಿನಲ್ಲಿ ನಕ್ಷೆಯನ್ನು ಬಂಗಾಳದವರೆಗೆ ಎಳೆದರು. ನಕ್ಷೆಯನ್ನು ಪುಕ್ಕಟೆಯಾಗಿ ಎಲ್ಲರಿಗೂ ಕೊಟ್ಟರು. ಅಲ್ಲಿನ ಅರಸನಾಗಿ ಆಡಬೇಕಾದವನು ಮಾತ್ರ ದುಡ್ಡು ಕೊಡಬೇಕು. 2018ರಲ್ಲಿ ಯುರೋಪಾ ಯೂನಿವರ್ಸಾಲಿಸ್ 4ಕ್ಕೆ ಭಾರತವನ್ನೇ ಮುಖ್ಯವಾಗಿಟ್ಟುಕೊಂಡ "ಧರ್ಮ" ಬಂದಾಗ ಆ ಆಟಕ್ಕೆ ಐದು ವರ್ಷ ವಯಸ್ಸಾಗಿತ್ತು. ಐದು ವರ್ಷ ಹಳೆಯ ಆಟವನ್ನು ಬೇರೆ ಕಂಪನಿಗಳು ಹೂತು ಮುಂದಿನ ಭಾಗ ಮಾರುತ್ತಿರುತ್ತವೆ. ಇವರ ಡಿಎಲ್‌ಸಿ ಒಂದು ರೀತಿಯ ವಾರ್ಷಿಕ ಚಂದಾ. ಕೆಲವೇ ಸಾವಿರ ಜನ ತಾವೇ ದುಡ್ಡು ಹಾಕಿ ತಮಗೆ ಬೇಕಾದ್ದನ್ನು ಬದುಕಿಸಿಕೊಳ್ಳುವ ಏರ್ಪಾಡು. ಪರವೂರಿನಲ್ಲಿ ಕನ್ನಡ ಸಂಘಕ್ಕೆ ಚಂದಾ ಕಟ್ಟಿದವರಿಗೆ, ಇಂಥ ಪತ್ರಿಕೆ ಓದುವವರಿಗೆ, ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನನ್ನ ತಕರಾರು ಡಿಎಲ್‌ಸಿಯ ಮೇಲಲ್ಲ. ಇವರಿಗೆ ತಮ್ಮ ಗಿರಾಕಿ ಯಾರೆಂಬುದು ಮರೆತುಹೋಯಿತು, ಮುಗಿಯದ ಕೆಲಸವನ್ನು ತಾರೀಕು ಬಂತೆಂದು ಮಾರತೊಡಗಿದರು ಎಂಬುದು ನನ್ನ ತಕರಾರು. ನೋಡಲು ಎರಡು ದೂರು, ನನಗೆ ಒಂದೇ.

ಇವರು ಗಿರಾಕಿಯನ್ನು ಬಲ್ಲವರಾಗಿದ್ದ ಕಾಲ ಹೇಗಿತ್ತೆಂಬುದಕ್ಕೆ ಒಳ್ಳೆಯ ಉದಾಹರಣೆ ಸಿಟೀಸ್: ಸ್ಕೈಲೈನ್ಸ್. ನಗರ ಕಟ್ಟುವ ಆಟಗಳಿಗೆ ಸಿಮ್‌ಸಿಟಿ ತಾಯಿಬೇರು, ಅದರ ಒಡೆತನ ಎಲೆಕ್ಟ್ರಾನಿಕ್ ಆರ್ಟ್ಸ್‌ನದು. 2013ರಲ್ಲಿ ಅವರು ಹೊಸ ಸಿಮ್‌ಸಿಟಿ ತಂದರು. ಒಬ್ಬನೇ ಕೂತು ಆಡಲೂ ಇಂಟರ್ನೆಟ್ ಇರಲೇಬೇಕೆಂದರು, ಮೊದಲ ದಿನವೇ ಸರ್ವರುಗಳು ಮಲಗಿದವು, ಕಟ್ಟಲು ಕೊಟ್ಟ ಜಾಗವೋ ಅಂಗೈಯಗಲ. ಆ ಹೊತ್ತಿಗೆ ಫಿನ್‌ಲೆಂಡಿನ ತಾಂಪೆರೆ ಎಂಬ ಊರಿನಲ್ಲಿ ಕೊಲಾಸಲ್ ಆರ್ಡರ್ ಅಂತ ಒಂದು ಪುಟ್ಟ ತಂಡ, ಹೆಸರಷ್ಟೇ ದೊಡ್ಡದು, ಸುಮಾರು ಹದಿಮೂರು ಜನ. ಅದುವರೆಗೆ ಪ್ಯಾರಡಾಕ್ಸ್‌ಗಾಗಿ ಊರಿನ ಬಸ್ಸು ಟ್ರಾಮುಗಳ ಆಟ ಮಾಡುತ್ತಿದ್ದವರು. ಇವರು 2015ರ ಮಾರ್ಚ್ 10ಕ್ಕೆ ಸ್ಕೈಲೈನ್ಸ್ ತಂದರು. ಇಂಟರ್ನೆಟ್ ಬೇಕಿಲ್ಲ. ಜಾಗ ಬೇಕಾದಷ್ಟು. ಬೇಕಾದರೆ ನೀವೇ ಕಟ್ಟಡ, ರಸ್ತೆ, ನಿಯಮ ಮಾಡಿಕೊಂಡು ಹಂಚಿಕೊಳ್ಳಬಹುದು. ಮೊದಲ ಇಪ್ಪತ್ನಾಲ್ಕು ಗಂಟೆಯಲ್ಲಿ ಎರಡೂವರೆ ಲಕ್ಷ ಪ್ರತಿ ಹೋಯಿತು. 2022ರ ಹೊತ್ತಿಗೆ 1 ಕೋಟಿ 20 ಲಕ್ಷ ದಾಟಿತ್ತು. ಸಿಮ್‌ಸಿಟಿ ಮಾಡಿದ ಕ್ಯಾಲಿಫೋರ್ನಿಯಾದ ಸ್ಟುಡಿಯೋವನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಮುಚ್ಚಿದ್ದೂ ಅದೇ 2015ರ ಮಾರ್ಚಿನಲ್ಲಿ. ಅಷ್ಟು ಜನ ಕೊಂಡದ್ದನ್ನು "ಕೆಲವರ ಆಟ" ಅನ್ನಲಾದೀತೆ ಎಂದು ಕೇಳಬಹುದು. ಅದೇ ನಾನು ಹೇಳುತ್ತಿರುವುದು. ಕೋಟಿ ಜನರನ್ನು ಮೆಚ್ಚಿಸಲು ಕೂತು ಮಾಡಿದ್ದಲ್ಲ ಅದು. ಸಿಮ್‌ಸಿಟಿಯಿಂದ ಮನಸ್ಸು ಮುರಿದ ಒಂದು ಬಳಗಕ್ಕೆ ಏನು ಬೇಕೆಂದು ತಿಳಿದು ಮಾಡಿದ್ದು, ಕೋಟಿ ತಾನಾಗಿ ಬಂತು.

2016ರ ಮೇನಲ್ಲಿ ಪ್ಯಾರಡಾಕ್ಸ್ ಷೇರು ಮಾರುಕಟ್ಟೆಗೆ ಬಂತು, ಚೀನಾದ ಟೆನ್ಸೆಂಟ್ ಶೇಕಡ 5ರಷ್ಟು ಪಾಲು ಕೊಂಡಿತು. ಅದೇ ತಿಂಗಳು ಸ್ಟೆಲಾರಿಸ್, ಮರುತಿಂಗಳು ಹಾರ್ಟ್ಸ್ ಆಫ್ ಐರನ್ 4; ಎರಡೂ ಇಂದಿಗೂ ಜನ ಆಡುವ ಆಟಗಳು. ಷೇರು ಮಾರಿದ್ದೇ ಪಾಪ ಎನ್ನುವಷ್ಟು ಸರಳ ಮನಸ್ಸು ನನ್ನದಲ್ಲ, ನನ್ನ ಮನೆಯ ಕಂತೂ ಷೇರು ಮಾರುಕಟ್ಟೆಯ ಕಂಪನಿಯ ಸಂಬಳದಲ್ಲೇ ಹೋಗುತ್ತದೆ. ಆದರೆ ಷೇರುದಾರನಿಗೆ "ಇದ್ದಷ್ಟೇ ಇರುತ್ತೇವೆ, ಚೆನ್ನಾಗಿರುತ್ತೇವೆ" ಎಂದು ಹೇಳುವ ಹಾಗಿಲ್ಲ. ಬೆಳೆಯುತ್ತೇವೆ ಅನ್ನಲೇಬೇಕು. ಎಲ್ಲಿ ಬೆಳೆಯುವುದು? ಪಕ್ಕದವನ ಹೊಲದಲ್ಲಿ.

ಆಮೇಲಿನದು ಬೇಗ ಹೇಳಿ ಮುಗಿಸುವಂಥದ್ದು, ಸಂತೋಷದ ಕಥೆಯಲ್ಲ. ಬ್ಯಾಟಲ್‌ಟೆಕ್ ಎಂಬ ಒಳ್ಳೆಯ ಆಟ ಮಾಡಿದ ಹೇರ್‌ಬ್ರೇನ್ಡ್ ಸ್ಕೀಮ್ಸ್ ಸ್ಟುಡಿಯೋವನ್ನು 2018ರಲ್ಲಿ ಕೊಂಡರು. ಅವರಿಂದ 2023ರ ಅಕ್ಟೋಬರಿನಲ್ಲಿ ಲ್ಯಾಂಪ್‌ಲೈಟರ್ಸ್ ಲೀಗ್ ಬಂತು, ಯಾರೂ ಕೊಳ್ಳಲಿಲ್ಲ, ಸುಮಾರು 32 ಕೋಟಿ ಸ್ವೀಡಿಷ್ ಕ್ರೋನಾ ನಷ್ಟ ಬರೆದು ಸ್ಟುಡಿಯೋದ ಕೈ ಬಿಟ್ಟರು. ಸಿಮ್ಸ್ ಆಟಕ್ಕೆ ಎದುರಾಳಿಯಾಗಿ ಲೈಫ್ ಬೈ ಯೂ ಅಂತ ಘೋಷಿಸಿದರು, ಮತ್ತೆ ಮತ್ತೆ ಮುಂದೂಡಿದರು, 2024ರ ಜೂನಿನಲ್ಲಿ ಕೈಬಿಟ್ಟು ಅದನ್ನು ಮಾಡುತ್ತಿದ್ದ ಸ್ಟುಡಿಯೋವನ್ನೂ ಮುಚ್ಚಿದರು. ರಕ್ತಪಿಶಾಚಿಗಳ ಕಥೆಯ ಬ್ಲಡ್‌ಲೈನ್ಸ್ 2 ಅನ್ನು 2019ರಲ್ಲಿ ಸಾರಿ, ನಡುವೆ ಸ್ಟುಡಿಯೋ ಬದಲಿಸಿ, 2025ರ ಅಕ್ಟೋಬರಿಗೆ ತಂದರು. ಅದಕ್ಕೂ ಮೊದಲು ಎರಡು ಕುಲಗಳನ್ನು ಮೊದಲ ದಿನದಿಂದಲೇ ಬೇರೆ ದುಡ್ಡಿಗೆ ಮಾರಲು ಹೊರಟು, ಜನ ಉಗಿದ ಮೇಲೆ ಆಟದೊಳಕ್ಕೇ ಸೇರಿಸಿದರು. ಅದರಲ್ಲೂ ನಷ್ಟವನ್ನೇ ಬರೆದರು. ಲೈಫ್ ಬೈ ಯೂ ನಿಂತಾಗ ಕಂಪನಿಯ ಮುಖ್ಯಸ್ಥ ಫ್ರೆಡ್ರಿಕ್ ವೆಸ್ಟರ್ ತಾವೇ ಒಪ್ಪಿಕೊಂಡರು, ನಮ್ಮ ಮುಖ್ಯ ಕ್ಷೇತ್ರದ ಹೊರಗೆ ಕೈಹಾಕಿದಲ್ಲೆಲ್ಲ ತಪ್ಪು ತೀರ್ಮಾನ ಮಾಡಿದ್ದೇವೆ, ಇದು ಬದಲಾಗಬೇಕು ಎನ್ನುವ ಅರ್ಥದ ಮಾತಿನಲ್ಲಿ. ಒಪ್ಪಿಕೊಂಡದ್ದು ದೊಡ್ಡದು. ಆದರೆ ಆ ಹೊತ್ತಿಗೆ ಕೆಲಸ ಹೋದದ್ದು ತೀರ್ಮಾನ ಮಾಡಿದವರದ್ದಲ್ಲ.

ಹೊರಗೆ ಹೋಗಿ ಸೋತದ್ದು ಒಂದು ಕಡೆಯಿರಲಿ. ನನ್ನನ್ನು ನಿಜಕ್ಕೂ ಕೆರಳಿಸಿದ್ದು ಮನೆಯೊಳಗೆ ನಡೆದದ್ದು, ಸಿಟೀಸ್: ಸ್ಕೈಲೈನ್ಸ್ 2. 2023ರ ಅಕ್ಟೋಬರ್ 24ಕ್ಕೆ ಅದು ಬರುವುದೆಂದು ನಿಗದಿಯಾಗಿತ್ತು. ಬಿಡುಗಡೆಗೆ ಮೊದಲೇ ತಯಾರಕರು ಹೇಳಿಕೆ ಕೊಟ್ಟರು: ಆಟದ ವೇಗ ನಾವು ಗುರಿಯಿಟ್ಟ ಮಟ್ಟ ಮುಟ್ಟಿಲ್ಲ, ಆದರೂ ಬಿಡುಗಡೆ ಮಾಡುತ್ತಿದ್ದೇವೆ. ಕನ್ಸೋಲಿನ ಆವೃತ್ತಿಯನ್ನು ಮುಂದಕ್ಕೆ ಹಾಕಿದರು, ಕಂಪ್ಯೂಟರಿನವರಿಗೆ ಮಾತ್ರ ತಾರೀಕು ತಪ್ಪಲಿಲ್ಲ. ಬಂದ ಮೇಲೆ ಒಳ್ಳೊಳ್ಳೆಯ ಗ್ರಾಫಿಕ್ಸ್ ಕಾರ್ಡುಗಳೂ ಏದುಸಿರು ಬಿಟ್ಟವು. ಕೆಲವರು ಒಳಗೆ ಬಗೆದು ನೋಡಿದರೆ, ಆಕಾಶದಿಂದ ಇರುವೆಯಷ್ಟು ಕಾಣುವ ನಾಗರಿಕರ ಬಾಯೊಳಗೆ ಹಲ್ಲುಗಳನ್ನೂ ಪೂರ್ತಿಯಾಗಿ ಕಡೆದಿಟ್ಟಿದ್ದರು. ದೂರದಿಂದ ನೋಡುವಾಗ ಸರಳ ರೂಪ ತೋರಿಸುವ ವ್ಯವಸ್ಥೆಯೇ ಆ ಪಾತ್ರಗಳಿಗೆ ಇರಲಿಲ್ಲ. ಬಾಯಿ ತೆರೆಯದ ಜನರ ಹಲ್ಲು ಎಣಿಸುತ್ತಾ ನನ್ನ ಕಂಪ್ಯೂಟರಿನ ಫ್ಯಾನು ಮಿಕ್ಸರಿನ ಹಾಗೆ ಕೂಗಿತು.

ಇನ್ನೊಂದನ್ನು ಹೇಳಬೇಕು. ಮೊದಲ ಸ್ಕೈಲೈನ್ಸ್ ಅಷ್ಟು ವರ್ಷ ಬದುಕಿದ್ದು ಆಡುವವರೇ ಮಾಡಿ ಹಂಚಿದ ಮಾಡ್‌ಗಳಿಂದ. ಎರಡನೆಯದು ಬಂದ ದಿನ ಮಾಡ್ ಮಾಡುವ ಅಧಿಕೃತ ಸಲಕರಣೆಗಳೇ ಇರಲಿಲ್ಲ. 2024ರ ಮಾರ್ಚಿಗೆ ಅರ್ಧ ಬಂದವು. ಅದೇ ಮಾರ್ಚಿನಲ್ಲಿ, ಮೂಲ ಆಟ ಇನ್ನೂ ಕುಂಟುತ್ತಿರುವಾಗ, ಸಮುದ್ರ ತೀರದ ಮನೆಗಳ ಡಿಎಲ್‌ಸಿ ಒಂದನ್ನು ಮಾರಾಟಕ್ಕಿಟ್ಟರು. ಸ್ಟೀಮ್‌ನಲ್ಲಿ ಜನ ಅದನ್ನು ಪಾತಾಳಕ್ಕೆ ತಳ್ಳಿದರು. ಏಪ್ರಿಲಿನಲ್ಲಿ ಎರಡೂ ಕಂಪನಿಯವರು ಕ್ಷಮೆ ಕೇಳಿ, ಹಣ ವಾಪಸು ಕೊಟ್ಟು, ಅದನ್ನು ಉಚಿತ ಮಾಡಿದರು. 2025ರ ನವೆಂಬರಿನಲ್ಲಿ ಪ್ಯಾರಡಾಕ್ಸ್ ಮತ್ತು ಕೊಲಾಸಲ್ ಆರ್ಡರ್ ಬೇರೆಯಾಗುತ್ತಿರುವುದಾಗಿ ಪ್ರಕಟಿಸಿದವು. ಆಟ ಈಗ ಅದೇ ತಾಂಪೆರೆಯ ಇನ್ನೊಂದು ಸ್ಟುಡಿಯೋ ಐಸ್‌ಫ್ಲೇಕ್‌ನ ಕೈಯಲ್ಲಿದೆ. ಹದಿಮೂರು ಜನರಿಂದ ಕೋಟಿ ಪ್ರತಿ ಮಾರಿಸಿದ ಹದಿನೈದು ವರ್ಷದ ಸಂಬಂಧ ಮುಗಿದದ್ದು ಹೀಗೆ.

ಸಾಫ್ಟ್‌ವೇರ್ ಅಂದಮೇಲೆ ಬಗ್ ಇದ್ದೇ ಇರುತ್ತದೆ, ನೀನೇ ಆ ಕಸುಬಿನವನು, ನಿನಗೆ ಗೊತ್ತಿಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಗೊತ್ತು. ಎಷ್ಟು ಗೊತ್ತು ಅಂದರೆ, ಇದೇ ಕೆಲಸ ನಾನೂ ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದೆ, ಹಿಂಜೇವಾಡಿಯ ಒಂದು ಕಂಪನಿಯಲ್ಲಿ, ವಿದೇಶದ ಗ್ರಾಹಕನೊಬ್ಬನಿಗೆ ಹಣ ಪಾವತಿಯ ವ್ಯವಸ್ಥೆ ಮಾಡಿಕೊಡುತ್ತಿದ್ದೆವು. ಗೋ-ಲೈವ್ ಮಾರ್ಚ್ ಕೊನೆಯ ವಾರ. ಆ ತ್ರೈಮಾಸಿಕದೊಳಗೆ ಬಿಲ್ ಆಗಬೇಕು. ಹತ್ತು ದಿನ ಮೊದಲು ನನ್ನ ಪಟ್ಟಿಯಲ್ಲಿ 43 ದೋಷಗಳಿದ್ದವು, ಅದರಲ್ಲಿ ಐದಾರು ಗಂಭೀರವಾದವು. ಮೇಲಿನವರು ತಾರೀಕು ಕದಲಿಸಬೇಡ ಎಂದು ಬಾಯಿಬಿಟ್ಟು ಹೇಳಲೇ ಇಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನೇ ಕೂತು ಆ ಪಟ್ಟಿಯ ಶೀರ್ಷಿಕೆ ಬದಲಿಸಿದೆ. "ಬಾಕಿ ದೋಷಗಳು" ಅಂತ ಇದ್ದದ್ದು "ತಿಳಿದಿರುವ ಸಮಸ್ಯೆಗಳು" ಆಯಿತು. ಒಂದೇ ಒಂದು ಸಾಲು ಕೋಡ್ ಬದಲಾಗಲಿಲ್ಲ, ಹಾಳೆಯ ಕೆಂಪು ಬಣ್ಣ ಮಾತ್ರ ಹಳದಿಯಾಯಿತು. ತಂಡದಲ್ಲಿ ಟೆಸ್ಟಿಂಗ್ ನೋಡುತ್ತಿದ್ದ ದಾವಣಗೆರೆಯ ಹುಡುಗಿಯೊಬ್ಬಳು ಮೀಟಿಂಗ್ ಮುಗಿದ ಮೇಲೆ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಸರ್, ಇವು ತಿಳಿದಿರೋ ಸಮಸ್ಯೆ ಅಲ್ಲ, ತಿಳಿದೂ ಬಿಟ್ಟ ಸಮಸ್ಯೆ." ಏನೋ ಒಂದು ಉತ್ತರ ಹೇಳಿದೆ. ಗೋ-ಲೈವ್ ಆಯಿತು, ಮೂರನೇ ದಿನ ಕೆಲವು ಪಾವತಿ ಎರಡೆರಡು ಸಲ ಹೋದವು. ಮುಂದಿನ ಎಂಟು ವಾರ ಹನ್ನೊಂದು ಜನ ಶನಿವಾರ ಭಾನುವಾರ ಮನೆ ನೋಡಲಿಲ್ಲ. ಆ ಹುಡುಗಿಯ ಅಣ್ಣನ ಮದುವೆ ಆ ಎಂಟು ವಾರದೊಳಗೆ ಬಂತು. ಎರಡು ದಿನ ರಜೆ ಕೊಟ್ಟೆ, ಮದುವೆ ಮನೆಯಲ್ಲೂ ಲ್ಯಾಪ್‌ಟಾಪ್ ತೆರೆಸಿದೆ.

ಅದಕ್ಕೇ ಹೇಳುವುದು, ಬಗ್ ಬೇರೆ, ತೀರ್ಮಾನ ಬೇರೆ. ಬಗ್ ಎನ್ನುವುದು ಕಣ್ಣು ತಪ್ಪಿ ಉಳಿದದ್ದು. ವೇಗ ಗುರಿ ಮುಟ್ಟಿಲ್ಲ ಎಂದು ಬರೆದು ಸಹಿ ಹಾಕಿ ಮಾರುವುದು ಕಣ್ಣು ತಪ್ಪಿದ್ದಲ್ಲ. ಅಲ್ಲಿ ಯಾರೋ ಒಬ್ಬ ಶೀರ್ಷಿಕೆ ಬದಲಿಸಿದ್ದಾನೆ. ಸ್ಟಾಕ್‌ಹೋಮಿನಲ್ಲಿ ಆ ದಿನ ಯಾವ ಕೋಣೆಯಲ್ಲಿ ಯಾರು ಏನೆಂದರೋ ನಾನು ಕಂಡಿಲ್ಲ, ಆದರೆ ಅಂಥ ಕೋಣೆಯ ಎಸಿಯ ತಂಪು ನನಗೆ ಗೊತ್ತು.

ಹೇಗೂ ಪ್ಯಾಚ್ ಬಂದು ಸರಿಹೋಗುತ್ತದಲ್ಲ ಎಂಬುದು ಎರಡನೇ ವಾದ. ಹೌದು, ಎಷ್ಟೋ ಸಲ ಹೋಗಿದೆ. ವಿಕ್ಟೋರಿಯಾ 3 ಬಂದಾಗಿನ ಯುದ್ಧದ ವ್ಯವಸ್ಥೆ ನೋಡಿದವರು ಇವತ್ತಿನದನ್ನು ನೋಡಿದರೆ ಬೇರೆ ಆಟವೇನೋ ಅನ್ನಬೇಕು. ಸ್ಟೆಲಾರಿಸ್‌ನಲ್ಲಿ 2021ರಿಂದ ಹಳೆಯ ಭಾಗಗಳನ್ನು ತಿದ್ದಲೆಂದೇ ಪ್ರತ್ಯೇಕ ತಂಡ ಇಟ್ಟಿದ್ದಾರೆ. ನಮ್ಮ ದೇಶದ ಎಷ್ಟು ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸದೇನೂ ಮಾಡದೆ ಹಳೆಯದನ್ನು ತಿದ್ದುವುದಕ್ಕೆ ಬಜೆಟ್ ಕೊಡುತ್ತಾರೆ, ಕೇಳಿ ನೋಡಿ. ಆದರೆ ಪ್ಯಾಚ್ ಎಲ್ಲರಿಗೂ ಬರುವುದಿಲ್ಲ. ಇಂಪೆರೇಟರ್: ರೋಮ್ 2019ರ ಏಪ್ರಿಲಿನಲ್ಲಿ ಅರೆಬೆಂದು ಬಂತು. ಎರಡು ವರ್ಷ ತಿದ್ದಿ ತಿದ್ದಿ 2021ರ ಫೆಬ್ರುವರಿಯ ಹೊತ್ತಿಗೆ ಅದನ್ನು ಒಳ್ಳೆಯ ಆಟ ಮಾಡಿದರು, ಆಗ ನೋಡಿದರೆ ಆಡುವವರೇ ಉಳಿದಿರಲಿಲ್ಲ, ಕೆಲವೇ ತಿಂಗಳಲ್ಲಿ ಕೆಲಸ ನಿಲ್ಲಿಸಿದರು. ಮೊದಲ ದಿನ ಬಂದು ಮುಖ ತಿರುಗಿಸಿ ಹೋದ ನೆಂಟ ಮುಂದಿನ ವರ್ಷದ ಹಬ್ಬಕ್ಕೆ ಬರುವುದಿಲ್ಲ.

ಹಾಗಾದರೆ ಇವರಿಗೆ ಬೇರೆ ದಾರಿ ಗೊತ್ತೇ ಇಲ್ಲವೇ? ಗೊತ್ತಿದೆ, ಅದೇ ನನ್ನ ಸಂಕಟ. ಕ್ರುಸೇಡರ್ ಕಿಂಗ್ಸ್ 3 2020ರ ಸೆಪ್ಟೆಂಬರಿನಲ್ಲಿ ಬಂದಾಗ ಮುಗಿದ ಆಟವಾಗಿ ಬಂತು. ಒಂದು ತಿಂಗಳಲ್ಲಿ ಹತ್ತು ಲಕ್ಷ ಪ್ರತಿ ಹೋಯಿತು, ಅದೂ ಎಕ್ಸೆಲ್ ಶೀಟ್ ಜಾತಿಯ ಆಟ. ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯದ್ದು. 2021ರ ಏಪ್ರಿಲಿನಲ್ಲಿ ಯುರೋಪಾ ಯೂನಿವರ್ಸಾಲಿಸ್ 4ಕ್ಕೆ ಲೆವಯಥನ್ ಎಂಬ ಡಿಎಲ್‌ಸಿ ಬಂತು, ಸ್ಟೀಮ್‌ನ ಅತಿ ಕೆಟ್ಟ ಅಂಕಗಳ ಸಾಲಿಗೆ ಸೇರಿತು. ಮಾಡಿದ್ದು ಸ್ಪೇನಿನಲ್ಲಿರುವ ಪ್ಯಾರಡಾಕ್ಸ್ ತಿಂಟೋ ಎಂಬ ಸ್ಟುಡಿಯೋ, ಅದರ ಮುಂದಾಳು ಮೊದಲ ಯುರೋಪಾ ಕಾಲದಿಂದ ಇರುವ ಯೋಹಾನ್ ಆ್ಯಂಡರ್ಸನ್. ಆತ ತಪ್ಪು ತನ್ನದೆಂದು ಬಹಿರಂಗವಾಗಿ ಕ್ಷಮೆ ಕೇಳಿದ. ಅದೇ ಮನುಷ್ಯ, ಅದೇ ಸ್ಟುಡಿಯೋ, 2024ರ ಆರಂಭದಿಂದ ಹೊಸ ಆಟವೊಂದರ ವಿವರಗಳನ್ನು ವಾರ ವಾರ ಜನರ ಮುಂದಿಡತೊಡಗಿದರು. ಆಟದ ಹೆಸರನ್ನೂ ಹೇಳಿರಲಿಲ್ಲ. ನಕ್ಷೆಗಳನ್ನು ದೇಶದೇಶದ ಪ್ರಕಾರ ಹಾಕಿ, ತಪ್ಪಿದ್ದರೆ ಹೇಳಿ ಅಂದರು. ಜಗತ್ತಿನ ಮೂಲೆಮೂಲೆಯಿಂದ ಜನ ಪುಸ್ತಕ, ಶಾಸನ, ಜಿಲ್ಲಾ ಗೆಝೆಟಿಯರ್ ಹಿಡಿದು ಬಂದರು. ಇವರು ತಿದ್ದಿದರು. 2025ರ ನವೆಂಬರ್ 4ಕ್ಕೆ ಯುರೋಪಾ ಯೂನಿವರ್ಸಾಲಿಸ್ 5 ಬಂತು. ಬಗ್ ಇವೆ, ಕೆಲವು ಕಿರಿಕಿರಿಯವು. ಆದರೆ ಯಾರಿಗಾಗಿ ಮಾಡುತ್ತಿದ್ದೇವೆ ಎಂಬುದು ಗೊತ್ತಿದ್ದು ಮಾಡಿದ ಆಟ ಅದು. ಅದರ ಕಾಲ ಶುರುವಾಗುವುದು 1337ರಲ್ಲಿ. ಹೊಯ್ಸಳರ ಮೂರನೇ ಬಲ್ಲಾಳ ಇನ್ನೂ ಬದುಕಿದ್ದ ವರ್ಷ, ವಿಜಯನಗರ ಹುಟ್ಟಿತೆಂದು ನಾವು ಎಣಿಸುವ 1336ರ ಮರುವರ್ಷ. ಅಂಥ ವರ್ಷವನ್ನು ಆರಿಸಿದ್ದು ನಮಗಾಗಿ ಅಲ್ಲದಿದ್ದರೂ ಕೃತಜ್ಞತೆ ಹೇಳಲು ಅಡ್ಡಿಯಿಲ್ಲ.

ನಮ್ಮ ಪಾಲೂ ಇದೆ, ಅದನ್ನು ಬಿಟ್ಟರೆ ಜಗಳ ಒಂದು ಕಣ್ಣಿನದಾಗುತ್ತದೆ. ಸ್ಕೈಲೈನ್ಸ್ 2 ಅನ್ನು ಬರುವ ಮೊದಲೇ ದುಡ್ಡು ಕೊಟ್ಟು ಕಾದಿರಿಸಿದವರಲ್ಲಿ ನಾನೂ ಒಬ್ಬ, ಮುಂದಿನ ಡಿಎಲ್‌ಸಿಗಳೆಲ್ಲ ಸೇರಿದ ದುಬಾರಿ ಆವೃತ್ತಿಯನ್ನೇ. ಹುಟ್ಟದ ಎಮ್ಮೆಯ ಹಾಲಿಗೆ ಮುಂಗಡ ಕೊಟ್ಟ ಹಾಗೆ. ಮಾಲು ನೋಡುವ ಮೊದಲೇ ಹಣ ಕೊಡುವ ಗಿರಾಕಿ ಲಕ್ಷಗಟ್ಟಲೆ ಇರುವಾಗ ತಾರೀಕು ಮುಂದೂಡುವ ಧೈರ್ಯ ಯಾವ ಮ್ಯಾನೇಜರಿಗೆ ಬರುತ್ತದೆ? ನನಗೆ ಬಂದಿರಲಿಲ್ಲ. ಇನ್ನು ಯಾವುದನ್ನೂ ಮೊದಲ ತಿಂಗಳು ಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಯುರೋಪಾ 5ನ್ನೂ ಸಂಕ್ರಾಂತಿಯವರೆಗೆ ತಡೆದೆ, ಅದು ಸುಲಭವಿರಲಿಲ್ಲ.

ಮಗನಿಗೆ ಈಗ ಹದಿಮೂರು. ಸ್ಕೈಲೈನ್ಸ್ 2 ಈಗಲಾದರೂ ಆಡೋಣವೇ ಎಂದು ವಾರಕ್ಕೊಮ್ಮೆ ಕೇಳುತ್ತಾನೆ. ಹೊಸ ಸ್ಟುಡಿಯೋದವರು ಎರಡು ಪ್ಯಾಚ್ ಹಾಕಲಿ, ಆಮೇಲೆ ನೋಡೋಣ ಅಂದಿದ್ದೇನೆ. ಅಲ್ಲಿಯವರೆಗೆ ಹಳೆಯ ಕ್ರುಸೇಡರ್ ಕಿಂಗ್ಸ್ 2 ಇದೆ. ಮೂಲ ಆಟವನ್ನು 2019ರಿಂದ ಪುಕ್ಕಟೆಯಾಗಿಯೇ ಕೊಡುತ್ತಿದ್ದಾರೆ. ಕಳೆದ ವಾರ ಅವನಿಗೂ ಹಾಕಿಕೊಟ್ಟೆ. ಕಲ್ಯಾಣಿಯಲ್ಲಿ ಶುರು ಮಾಡಿದ. ಎರಡು ರಾತ್ರಿಯಲ್ಲಿ ಸೋಮೇಶ್ವರ ಸತ್ತ, ಹಿರಿಮಗ ಪಟ್ಟಕ್ಕೆ ಬಂದ, ವಿಕ್ರಮಾದಿತ್ಯ ಮೂಲೆಯಲ್ಲಿ ಸಿಟ್ಟಾಗಿ ಕೂತ. "ಪಪ್ಪಾ, ಈ ತಮ್ಮನ್ನ ಏನ್ ಮಾಡ್ಲಿ?" ಅಂತ ಕೇಳಿದ. ಬಜೆಟ್ ಶೀಟ್ ತೆರೆದು ಕೂತಿದ್ದ ನಾನು ಕುರ್ಚಿ ಎಳೆದುಕೊಂಡು ಅವನ ಪಕ್ಕ ಹೋದೆ.